ಟೂಲ್‌ಪೋಸ್ಟ್ ಬದಲಿಸಬೇಕೇ, ಟೂಲ್ ಬದಲಿಸಬೇಕೇ? ಮನೆಯ ಸಣ್ಣ ಲೇತ್‌ಗೆ ಸಲಹೆ ಬೇಕು

ಹೊಸ_ಲೇತ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸಣ್ಣ ಲೇತ್ (ಲೋಹವನ್ನು ತಿರುಗಿಸುತ್ತಾ ಕಡಿಯುವ ಯಂತ್ರ) ಒಂದನ್ನು ಇಟ್ಟುಕೊಂಡು ಎಂಟು ತಿಂಗಳಾಯಿತು. ಬೆಡ್‌ನಿಂದ (ಯಂತ್ರದ ಅಡಿಹಾಸು) ಸೆಂಟರ್ (ಸರಳು ತಿರುಗುವ ನಡುರೇಖೆ) ಎತ್ತರ 90 ಮಿ.ಮೀ., ಎರಡು ಸೆಂಟರ್‌ಗಳ ನಡುವೆ 350 ಮಿ.ಮೀ. ಅಂತರ. ಯಂತ್ರದ ಜೊತೆಗೆ ನಾಲ್ಕು ಮುಖದ ಚೌಕ ಟೂಲ್‌ಪೋಸ್ಟ್ (ಕಡಿಯುವ ಟೂಲನ್ನು ಹಿಡಿದಿಡುವ ಭಾಗ) ಮತ್ತು 8 ಮಿ.ಮೀ.ನ ಕೆಲವು ಹೈಸ್ಪೀಡ್ ಸ್ಟೀಲ್ ಬಿಟ್‌ಗಳು ಬಂದಿದ್ದವು. ಆ ಬಿಟ್‌ಗಳಿಗೆ ಪ್ರತಿ ಸಲವೂ ಅಡಿಯಲ್ಲಿ ಶಿಮ್ (ತೆಳು ಲೋಹದ ಪಟ್ಟಿ) ಜೋಡಿಸಬೇಕು, ತೆಗೆಯಬೇಕು, ಮತ್ತೆ ಹುಡುಕಬೇಕು. ಅದು ಬೇಸರವಾಗಿ 12 ಮಿ.ಮೀ. ಶ್ಯಾಂಕಿನ (ಟೂಲ್‌ನ ದಂಡ), ಕಾರ್ಬೈಡ್ ಎಂಬ ಬಲು ಗಡಸು ವಸ್ತುವಿನ ತುಂಡನ್ನು ಬೆಸೆದ ಟೂಲ್‌ಗಳ ಸೆಟ್ ಕೊಂಡೆ. ಅವಕ್ಕೆ ಶಿಮ್ ಬೇಕಾಗಲಿಲ್ಲ, ನೇರವಾಗಿ ಕೂತವು.

ಈಗ ಮೂರು ತೊಂದರೆಗಳಿವೆ. ಫೇಸಿಂಗ್ (ಸರಳಿನ ತುದಿಮುಖವನ್ನು ಸಮತಟ್ಟು ಮಾಡುವುದು) ಮಾಡಿದಾಗ ಮಧ್ಯದಲ್ಲಿ ಒಂದು ಮೊಗ್ಗು ಉಳಿಯುತ್ತದೆ. ಮೈಲ್ಡ್ ಸ್ಟೀಲ್ ಟರ್ನಿಂಗ್ (ಸುತ್ತಲೂ ಕಡಿದು ವ್ಯಾಸ ಇಳಿಸುವುದು) ಮಾಡಿದರೆ ಮೇಲ್ಮೈ ಹರಿದ ಬಟ್ಟೆಯ ಹಾಗೆ ಬರುತ್ತದೆ. ಮೂರನೆಯದು ಹೆದರಿಕೆ ಹುಟ್ಟಿಸಿದ್ದು: 20 ಮಿ.ಮೀ. ಸರಳನ್ನು ಪಾರ್ಟಿಂಗ್ (ಕಡಿದು ಬೇರ್ಪಡಿಸುವುದು) ಮಾಡುವಾಗ ಬ್ಲೇಡ್ ಮೊದಲು ಕಡಿಯಲೇ ಇಲ್ಲ, ಒತ್ತಿದಾಗ ಒಮ್ಮೆಲೇ ಒಳಗೆ ಕಚ್ಚಿ ಮುರಿಯಿತು. ಸರಳು ಚಕ್‌ನಿಂದ (ಅದನ್ನು ಹಿಡಿದು ತಿರುಗಿಸುವ ಭಾಗ) ಸ್ವಲ್ಪ ಹೊರಗೆ ಬಂದಿತ್ತು.

ಕ್ವಿಕ್ ಚೇಂಜ್ (ಟೂಲನ್ನು ಬೇಗ ಬದಲಿಸಬಹುದಾದ) ಟೂಲ್‌ಪೋಸ್ಟ್ ಹಾಗೂ ಇನ್ಸರ್ಟ್ (ಬಿಚ್ಚಿ ಬದಲಿಸುವ ಕಾರ್ಬೈಡ್ ತುಂಡು) ಹಾಕುವ ಟೂಲ್‌ಗಳನ್ನು ಕೊಂಡರೆ ಇವೆಲ್ಲ ಸರಿಹೋಗುತ್ತವೆಯೇ? ಕೊಳ್ಳುವುದಾದರೆ ವೆಡ್ಜ್ ಮಾದರಿಯೋ, ಪಿಸ್ಟನ್ ಮಾದರಿಯೋ?

ವೇಗದ_ಕೈ:

ಕೊಂಡುಬಿಡಿ. ನಾನು ಆರು ವರ್ಷ ಶಿಮ್‌ಗಳ ಜೊತೆ ಒದ್ದಾಡಿದ ಮೇಲೆ ಕ್ವಿಕ್ ಚೇಂಜ್‌ಗೆ ಬಂದವನು, ಮೊದಲೇ ಬರಬೇಕಿತ್ತು. ಪ್ರತಿ ಹೋಲ್ಡರ್‌ನಲ್ಲೂ ಎತ್ತರ ಹೊಂದಿಸುವ ಸ್ಕ್ರೂ ಮತ್ತು ನಟ್ ಇರುತ್ತವೆ. ಒಂದು ಸಲ ಹೊಂದಿಸಿ ಬಿಗಿದರೆ ಆ ಟೂಲ್ ಎಷ್ಟು ಸಲ ತೆಗೆದು ಹಾಕಿದರೂ ಅದೇ ಎತ್ತರಕ್ಕೆ ಬಂದು ಕೂರುತ್ತದೆ. ಟರ್ನಿಂಗ್‌ನಿಂದ ಪಾರ್ಟಿಂಗ್‌ಗೆ ಹೋಗಲು ಹತ್ತು ಸೆಕೆಂಡ್ ಸಾಕು.

ಹೋಲ್ಡರ್‌ಗಳನ್ನು ಮಾತ್ರ ಧಾರಾಳವಾಗಿ ಇಟ್ಟುಕೊಳ್ಳಿ. ಎರಡೇ ಹೋಲ್ಡರ್ ಇದ್ದರೆ ಟೂಲ್ ಬದಲಿಸಿದಾಗೆಲ್ಲ ಎತ್ತರ ಹೊಂದಿಸುತ್ತಾ ಕೂರಬೇಕಾಗುತ್ತದೆ, ಆಗ ಕೊಂಡದ್ದಕ್ಕೆ ಅರ್ಥವಿಲ್ಲ.

ನಿವೃತ್ತ_ಟರ್ನರ್:

ಏನನ್ನೂ ಕೊಳ್ಳುವ ಮೊದಲು ಮೂರು ಅಳತೆ ಕೊಡಿ.

1. ಕಾಂಪೌಂಡ್ ಸ್ಲೈಡ್‌ನ (ಟೂಲ್‌ಪೋಸ್ಟ್ ಕೂರುವ ಜಾರುಭಾಗ) ಮೇಲ್ಮೈಯಿಂದ ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) ಸೆಂಟರ್‌ವರೆಗೆ ಎಷ್ಟು ಎತ್ತರ?
2. ಈಗಿರುವ ಟೂಲ್‌ಪೋಸ್ಟ್‌ನಲ್ಲಿ ಟೂಲ್ ಕೂರುವ ತೋಡಿನ ತಳ ಕಾಂಪೌಂಡ್‌ನಿಂದ ಎಷ್ಟು ಮೇಲಿದೆ?
3. ಆ 12 ಮಿ.ಮೀ. ಟೂಲ್‌ನ ಮೊನೆ ಶ್ಯಾಂಕ್‌ನ ಮೇಲ್ಮೈಗೆ ಸಮವಾಗಿದೆಯೇ, ಕೆಳಗಿದೆಯೇ?

ಅಳೆಯುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಯಂತ್ರ ನಿಲ್ಲಿಸಿ, ಚಕ್‌ನಲ್ಲಿ ಒಂದು ದುಂಡು ಸರಳು ಹಿಡಿದು, ಟೂಲ್‌ನ ಮೊನೆ ಮತ್ತು ಸರಳಿನ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಒತ್ತಿ ನಿಲ್ಲಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಮೊನೆ ಸೆಂಟರ್‌ನಲ್ಲಿದೆ. ಅದರ ಮೇಲ್ತುದಿ ಸರಳಿನ ಕಡೆಗೆ ವಾಲಿದರೆ ಟೂಲ್ ಎತ್ತರದಲ್ಲಿದೆ, ನಿಮ್ಮ ಕಡೆಗೆ ವಾಲಿದರೆ ತಗ್ಗಿನಲ್ಲಿದೆ. ಏನಾಯಿತು ತಿಳಿಸಿ.

ಹೊಸ_ಲೇತ್:

ಹಿರಿಯರೇ, ಈಗಷ್ಟೇ ಅಳೆದೆ. ಕಾಂಪೌಂಡ್‌ನಿಂದ ಸೆಂಟರ್‌ಗೆ 19 ಮಿ.ಮೀ. ತೋಡಿನ ತಳ 9 ಮಿ.ಮೀ. ಎತ್ತರದಲ್ಲಿದೆ. ಟೂಲ್‌ನ ಮೊನೆ ಶ್ಯಾಂಕ್‌ನ ಮೇಲ್ಮೈಗೆ ಸಮವಾಗಿದೆ. ಸ್ಕೇಲ್ ಸರಳಿನ ಕಡೆಗೆ ಚೆನ್ನಾಗಿಯೇ ವಾಲಿತು.

ನಿವೃತ್ತ_ಟರ್ನರ್:

ಅಲ್ಲಿಗೆ ಕಾರಣ ಸಿಕ್ಕಿತು. 9ಕ್ಕೆ 12 ಸೇರಿದರೆ 21. ನಿಮಗೆ ಬೇಕಾದದ್ದು 19. ನಿಮ್ಮ ಟೂಲ್‌ಗಳೆಲ್ಲ ಸೆಂಟರ್‌ಗಿಂತ 2 ಮಿ.ಮೀ. ಮೇಲೆ ನಿಂತು ಕೆಲಸ ಮಾಡುತ್ತಿವೆ. ತಗ್ಗಾದ ಟೂಲನ್ನು ಶಿಮ್ ಇಟ್ಟು ಎತ್ತಬಹುದು, ಎತ್ತರವಾದದ್ದನ್ನು ಶಿಮ್‌ನಿಂದ ಇಳಿಸಲಾಗದು.

ಎರಡು ಮಿಲಿಮೀಟರ್‌ನಿಂದ ಏನಾದೀತು ಎಂದು ಅನೇಕರು ಕೇಳುತ್ತಾರೆ, ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ. 20 ಮಿ.ಮೀ. ಸರಳಿನ ತ್ರಿಜ್ಯ 10. ಮೊನೆ 2 ಮಿ.ಮೀ. ಮೇಲಿದ್ದರೆ, ಅದು ಮುಟ್ಟುವ ಜಾಗದಲ್ಲಿ ಸರಳಿನ ಮೇಲ್ಮೈ ಸುಮಾರು 11.5 ಡಿಗ್ರಿ ಓರೆಯಾಗಿರುತ್ತದೆ. ಅಷ್ಟೂ ಟೂಲ್‌ನ ಮುಂದಿನ ಕ್ಲಿಯರೆನ್ಸ್ ಕೋನದಿಂದ (ಮೊನೆಯ ಕೆಳಭಾಗ ಸರಳಿಗೆ ತಾಗದಂತೆ ಕೊಟ್ಟ ಓರೆ) ಕಳೆದುಹೋಗುತ್ತದೆ. ಬೆಸೆದ ಕಾರ್ಬೈಡ್ ಟೂಲ್‌ಗಳಿಗೆ ಸಾಮಾನ್ಯವಾಗಿ 6ರಿಂದ 8 ಡಿಗ್ರಿ ಕ್ಲಿಯರೆನ್ಸ್ ಮಾತ್ರ ಕೊಟ್ಟಿರುತ್ತಾರೆ. ಹಾಗಾಗಿ ಮೊನೆಯ ಬದಲು ಅದರ ಕೆಳಗಿನ ಹೊಟ್ಟೆ ಸರಳನ್ನು ಉಜ್ಜುತ್ತಿತ್ತು. ಉಜ್ಜುವ ಟೂಲ್ ಕಡಿಯುವುದಿಲ್ಲ, ಹರಿಯುತ್ತದೆ. ಸರಳು 10 ಮಿ.ಮೀ.ಗೆ ಇಳಿದಾಗ ಅದೇ ಓರೆ 23 ಡಿಗ್ರಿ ದಾಟುತ್ತದೆ. ಸಣ್ಣ ಕೆಲಸಕ್ಕೆ ಎತ್ತರದ ತಪ್ಪು ಹೆಚ್ಚು ದುಬಾರಿ ಎನ್ನುವುದು ಇದಕ್ಕೇ.

ಪಾರ್ಟಿಂಗ್‌ನಲ್ಲಿ ಆದದ್ದೂ ಇದೇ. ಬ್ಲೇಡ್ ಒಳಗೆ ಹೋದಂತೆ ತ್ರಿಜ್ಯ ಕಡಿಮೆಯಾಗುತ್ತಾ ಬಂತು, ಕ್ಲಿಯರೆನ್ಸ್ ಇನ್ನಷ್ಟು ಸತ್ತಿತು. ನೀವು ಒತ್ತಿದಿರಿ. ಒತ್ತಡ ಸ್ಲೈಡ್‌ಗಳಲ್ಲಿ ಸ್ಪ್ರಿಂಗ್‌ನ ಹಾಗೆ ತುಂಬಿಕೊಂಡು ಒಮ್ಮೆಲೇ ಬಿಡುಗಡೆಯಾಯಿತು.

ನಿಮ್ಮ ಈಗಿನ ಟೂಲ್‌ಪೋಸ್ಟ್‌ಗೆ ಸರಿಹೋಗುವುದು 10 ಮಿ.ಮೀ. ಶ್ಯಾಂಕ್, ಮೊನೆ ಮೇಲ್ಮೈಗೆ ಸಮವಾಗಿದ್ದರೆ ಶಿಮ್ ಇಲ್ಲದೆಯೇ. 12ರ ಸೆಟ್ಟನ್ನು ಎಸೆಯಬೇಡಿ. ಯಾರಲ್ಲಾದರೂ ಮಿಲ್ಲಿಂಗ್ ಯಂತ್ರವಿದ್ದರೆ ಶ್ಯಾಂಕ್‌ಗಳ ತಳದಿಂದ 2 ಮಿ.ಮೀ. ತೆಗೆಸಿ. ಶ್ಯಾಂಕ್ ಮೆದುವಾದ ಉಕ್ಕು, ಸುಲಭವಾಗಿ ಕಡಿಯುತ್ತದೆ.

ಎಡಗೈ:

ನನ್ನ ಲೇತ್‌ನಲ್ಲೂ ಮಧ್ಯದಲ್ಲಿ ಮೊಗ್ಗು ಉಳಿಯುತ್ತದೆ, ಆದರೆ ನನ್ನ ಟೂಲ್ ತಗ್ಗಿನಲ್ಲಿದೆ. ಮೊಗ್ಗು ನೋಡಿಯೇ ಎತ್ತರವೋ ತಗ್ಗೋ ಎಂದು ಹೇಳಬಹುದೇ?

ನಿವೃತ್ತ_ಟರ್ನರ್:

ಹೇಳಬಹುದು. ಟೂಲ್ ತಗ್ಗಿದ್ದರೆ ಮೊನೆ ಸೆಂಟರ್‌ನ ಕೆಳಗಿನಿಂದ ದಾಟಿಹೋಗುತ್ತದೆ, ನೆಟ್ಟಗಿನ ಪುಟ್ಟ ಕಂಬ ಹಾಗೆಯೇ ನಿಂತಿರುತ್ತದೆ. ಎತ್ತರವಿದ್ದರೆ ಟೂಲ್‌ನ ಹೊಟ್ಟೆ ಆ ಕಂಬವನ್ನು ತಳ್ಳಿ ಉಜ್ಜುವುದರಿಂದ ಅದು ಬಾಗಿದಂತೆ, ಸವೆದಂತೆ ಕಾಣುತ್ತದೆ. ಬೆಸೆದ ಕಾರ್ಬೈಡ್ ಆದರೆ ಅಲ್ಲಿಯೇ ಮೊನೆ ಚಕ್ಕೆ ಏಳುವುದೂ ಉಂಟು. ಎತ್ತರ ಹೊಂದಿಸುವ ಕೊನೆಯ ಸೂಕ್ಷ್ಮ ಪರೀಕ್ಷೆ ಇದೇ: ಸ್ಕೇಲ್‌ನಿಂದ ಹತ್ತಿರಕ್ಕೆ ತಂದು, ಫೇಸಿಂಗ್ ಮಾಡಿ ಮೊಗ್ಗು ಪೂರ್ತಿ ಮಾಯವಾಗುವವರೆಗೆ ತಿದ್ದಿ.

ವೇಗದ_ಕೈ:

ಹಿರಿಯರು ಹೇಳಿದ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಇದೇ ಮಾತು ಕ್ವಿಕ್ ಚೇಂಜ್‌ನ ಪರವಾಗಿಯೂ ನಿಲ್ಲುತ್ತದೆ. ಎತ್ತರ ಹೊಂದಿಸುವುದು ಸ್ಕ್ರೂ ತಿರುಗಿಸುವಷ್ಟು ಸುಲಭವಾಗಿದ್ದರೆ ಜನ ಹೊಂದಿಸುತ್ತಾರೆ. ಶಿಮ್ ಹುಡುಕಬೇಕಾದರೆ "ಇಷ್ಟು ಸಾಕು" ಎಂದು ಬಿಡುತ್ತಾರೆ.

ನಿವೃತ್ತ_ಟರ್ನರ್:

ಆ ಮಾತು ಒಪ್ಪಿದೆ. ಆದರೆ ಕೊಳ್ಳುವವರು ಒಂದು ಅಳತೆಯನ್ನು ಮರೆಯಬಾರದು. ಹೋಲ್ಡರ್ ಕೆಳಗಿಳಿದು ಕಾಂಪೌಂಡ್‌ಗೆ ಮುಟ್ಟುವಾಗ ಅದರ ತೋಡಿನ ತಳ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ? ಹೊಸ_ಲೇತ್ ಅವರ ಯಂತ್ರದಲ್ಲಿ 10 ಮಿ.ಮೀ. ಶ್ಯಾಂಕ್ ಹಾಕಬೇಕಾದರೆ ಆ ತಳ 9 ಮಿ.ಮೀ.ಗಿಂತ ತೆಳುವಾಗಿರಲೇಬೇಕು. ದಪ್ಪವಾಗಿದ್ದರೆ ದುಬಾರಿ ಟೂಲ್‌ಪೋಸ್ಟ್ ಹಾಕಿಯೂ ಇದೇ 2 ಮಿ.ಮೀ. ತೊಂದರೆಗೆ ವಾಪಸ್ಸು ಬರುತ್ತಾರೆ. "ಇಷ್ಟು ಸ್ವಿಂಗ್‌ವರೆಗಿನ ಲೇತ್‌ಗೆ" ಎಂದು ಬರೆದಿರುವುದನ್ನು ಮಾತ್ರ ನಂಬಬೇಡಿ. ಒಂದೇ ಸ್ವಿಂಗ್‌ನ (ತಿರುಗಿಸಬಹುದಾದ ಗರಿಷ್ಠ ವ್ಯಾಸ) ಎರಡು ಲೇತ್‌ಗಳಲ್ಲಿ ಕಾಂಪೌಂಡ್‌ನ ದಪ್ಪ ಬೇರೆ ಬೇರೆಯಾಗಿರುತ್ತದೆ.

ಮಾದರಿ_ಎಂಜಿನ್:

ವೆಡ್ಜೋ ಪಿಸ್ಟನ್ನೋ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಎರಡರಲ್ಲೂ ಪಾರಿವಾಳದ ಬಾಲದ ಆಕಾರದ ಡವ್‌ಟೇಲ್ ಮೇಲೆ ಹೋಲ್ಡರ್ ಜಾರಿ ಕೂರುತ್ತದೆ. ಪಿಸ್ಟನ್ ಮಾದರಿಯಲ್ಲಿ ಹಿಡಿಕೆ ತಿರುಗಿಸಿದಾಗ ಒಂದು ದಂಡ ಹೊರಬಂದು ಹೋಲ್ಡರನ್ನು ಪೋಸ್ಟ್‌ನಿಂದ ಆಚೆಗೆ ತಳ್ಳಿ ಡವ್‌ಟೇಲ್‌ಗೆ ಬಿಗಿಯುತ್ತದೆ. ವೆಡ್ಜ್‌ನಲ್ಲಿ ಬೆಣೆಯಂಥ ಭಾಗ ಇಳಿದು ಹೋಲ್ಡರನ್ನು ಪೋಸ್ಟ್‌ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಡಿತದ ವಿಸ್ತಾರ ಹೆಚ್ಚು, ಮತ್ತೆ ಅದೇ ಜಾಗಕ್ಕೆ ಬಂದು ಕೂರುವ ನಿಖರತೆಯೂ ಹೆಚ್ಚು. ದೊಡ್ಡ ಲೇತ್‌ನಲ್ಲಿ ಭಾರಿ ಕಡಿತ ತೆಗೆಯುವವರಿಗೆ ನಾನು ವೆಡ್ಜನ್ನೇ ಹೇಳುತ್ತೇನೆ. 90 ಮಿ.ಮೀ. ಸೆಂಟರ್ ಎತ್ತರದ ಯಂತ್ರದಲ್ಲಿ ಟೂಲ್‌ಪೋಸ್ಟ್‌ಗಿಂತ ಮೊದಲು ಕಾಂಪೌಂಡ್ ಬಾಗುತ್ತದೆ. ಅಲ್ಲಿ ಚೆನ್ನಾಗಿ ತಯಾರಾದ ಪಿಸ್ಟನ್ ಸಾಕು. ಮೂರನೆಯದೂ ಒಂದಿದೆ, ಮಲ್ಟಿಫಿಕ್ಸ್ ಮಾದರಿ. ಸುತ್ತಲೂ ಹಲ್ಲುಗಳಿದ್ದು ಹೋಲ್ಡರನ್ನು 40 ಕೋನಗಳಲ್ಲಿ, ಅಂದರೆ 9 ಡಿಗ್ರಿಗೆ ಒಂದರಂತೆ ನಿಲ್ಲಿಸಬಹುದು. ಬಹಳ ಸುಂದರವಾದ ವಿನ್ಯಾಸ ಅದು.

ಯಾವುದನ್ನೇ ಕೊಂಡರೂ ಅಡಿಯ ಟಿ-ನಟ್ (ಪೋಸ್ಟನ್ನು ಕಾಂಪೌಂಡ್‌ಗೆ ಬಿಗಿಯುವ ನಟ್) ಅನೇಕ ಸಲ ಬರೀ ಲೋಹದ ಗಟ್ಟಿಯಾಗಿ ಬರುತ್ತದೆ, ನಿಮ್ಮ ಕಾಂಪೌಂಡ್‌ನ ತೋಡಿಗೆ ತಕ್ಕಂತೆ ನೀವೇ ಕಡಿದುಕೊಳ್ಳಬೇಕು. ಕಾಂಪೌಂಡ್‌ನಲ್ಲಿ ತೋಡಿನ ಬದಲು ನಿಂತ ಬೋಲ್ಟ್ ಇದ್ದರೆ ಅದರ ವ್ಯಾಸವನ್ನೂ ನೋಡಿಕೊಳ್ಳಿ.

ಕ್ವಿಕ್ ಚೇಂಜ್‌ನ ಒಂದು ದೋಷವನ್ನು ಅದರ ಅಭಿಮಾನಿಗಳು ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಟೂಲ್ ಪೋಸ್ಟ್‌ನ ಒಳಗಿರದೆ ಪಕ್ಕದಲ್ಲಿ ನೇತಾಡುತ್ತದೆ. ಚೌಕ ಟೂಲ್‌ಪೋಸ್ಟ್‌ನಲ್ಲಿ ಟೂಲ್‌ನ ಕೆಳಗೆ ನೇರವಾಗಿ ಕಾಂಪೌಂಡ್ ಇರುತ್ತದೆ, ಇದರಲ್ಲಿ ಅದರ ಅಂಚಿನಾಚೆ ಹೋಗಿಬಿಡುತ್ತದೆ. ಸಣ್ಣ ಯಂತ್ರಕ್ಕೆ ಆ ಹೆಚ್ಚುವರಿ ಚಾಚು ತಿಳಿಯುತ್ತದೆ.

ವೇಗದ_ಕೈ:

ಅದು ನಿಜ. ಹಾಗಾಗಿಯೇ ನಾನು ಅತಿ ದೊಡ್ಡ ಅಳತೆಯದನ್ನು ಕೊಳ್ಳಬೇಡಿ ಎನ್ನುತ್ತೇನೆ. ದೊಡ್ಡದು ಗಟ್ಟಿ ಎಂದು ಕೊಂಡರೆ ಅದು ಚಾಚನ್ನೇ ಹೆಚ್ಚಿಸುತ್ತದೆ.

ಹೊಸ_ಲೇತ್:

ಇಷ್ಟು ಬೇಗ, ಇಷ್ಟು ಕಾಳಜಿಯಿಂದ ಉತ್ತರಿಸಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಪಾರ್ಟಿಂಗ್ ಹೋಲ್ಡರ್‌ನ ಶ್ಯಾಂಕ್ ಕೂಡ 12 ಎಂದು ಈಗ ನೋಡಿದೆ. ಮುಂದಿನ ಪ್ರಶ್ನೆ ಟೂಲ್‌ನದು. 10 ಮಿ.ಮೀ.ಗೆ ಇಳಿಯುವುದಾದರೆ ಇನ್ಸರ್ಟ್ ಟೂಲ್ ಕೊಳ್ಳಲೇ, ಹೈಸ್ಪೀಡ್ ಸ್ಟೀಲ್ ಸಾಣೆ ಹಿಡಿಯುವುದನ್ನು ಕಲಿಯಲೇ? ನನ್ನ ಲೇತ್‌ನ ಗರಿಷ್ಠ ವೇಗ ನಿಮಿಷಕ್ಕೆ 2,000 ಸುತ್ತು. ಹೆಚ್ಚಾಗಿ ಮೈಲ್ಡ್ ಸ್ಟೀಲ್, ಹಿತ್ತಾಳೆ, ಆಗಾಗ ಅಲ್ಯೂಮಿನಿಯಂ.

ಸಾಣೆಕಲ್ಲು:

ಈ ಪ್ರಶ್ನೆಗೇ ಕಾಯುತ್ತಿದ್ದೆ. ಕಲಿಯಿರಿ. ದಯವಿಟ್ಟು ಕಲಿಯಿರಿ.

ಮೊದಲು ವೇಗದ ಲೆಕ್ಕ. ಸುತ್ತುಗಳ ಸಂಖ್ಯೆ ಬೇಕಾದರೆ, ಕಡಿತದ ವೇಗವನ್ನು (ನಿಮಿಷಕ್ಕೆ ಮೀಟರ್‌ಗಳಲ್ಲಿ) 320ರಿಂದ ಗುಣಿಸಿ ವ್ಯಾಸದಿಂದ (ಮಿ.ಮೀ.ಗಳಲ್ಲಿ) ಭಾಗಿಸಿ. ಮೈಲ್ಡ್ ಸ್ಟೀಲ್‌ಗೆ ಹೈಸ್ಪೀಡ್ ಸ್ಟೀಲ್ ಟೂಲ್ ಆದರೆ ಸುಮಾರು 28 ಮೀಟರ್ ಇಟ್ಟುಕೊಳ್ಳಿ. 25 ಮಿ.ಮೀ. ಸರಳಿಗೆ ಸುಮಾರು 360 ಸುತ್ತು ಬರುತ್ತದೆ. ಕಾರ್ಬೈಡ್‌ಗೆ 100 ಮೀಟರ್ ಎಂದರೂ ಅದೇ ಸರಳಿಗೆ 1,280 ಬೇಕು, 10 ಮಿ.ಮೀ. ಸರಳಿಗೆ 3,200 ಬೇಕು. ನಿಮ್ಮ ಯಂತ್ರ ಅಲ್ಲಿಗೆ ತಲುಪುವುದಿಲ್ಲ. ತಲುಪಿದರೂ ಆ ವೇಗದಲ್ಲಿ ಇನ್ಸರ್ಟ್ ಬಯಸುವ ಆಳದ ಕಡಿತವನ್ನು ಸಣ್ಣ ಮೋಟಾರ್ ಎಳೆಯಲಾರದು.

ಎರಡನೆಯದು ಅಂಚಿನ ಹರಿತ. ಸಾಮಾನ್ಯ ಇನ್ಸರ್ಟ್‌ನ ಅಂಚನ್ನು ಚಕ್ಕೆ ಏಳದಿರಲೆಂದು ಬೇಕೆಂದೇ ಸ್ವಲ್ಪ ಮೊಂಡಾಗಿಸಿರುತ್ತಾರೆ. ಭಾರಿ ಯಂತ್ರ ಅದನ್ನು ಒತ್ತಿ ಕಡಿಸುತ್ತದೆ. ಸಣ್ಣ ಯಂತ್ರ 0.05 ಮಿ.ಮೀ. ತೆಗೆಯಲು ಹೋದರೆ ಅಂಚು ಲೋಹದ ಮೇಲೆ ಜಾರುತ್ತದೆ, ಎರಡನೆಯ ಸಲ ಅದೇ ಅಳತೆಯಲ್ಲಿ ಹೋದಾಗ ಇದ್ದಕ್ಕಿದ್ದಂತೆ ಕಡಿಯುತ್ತದೆ. ಎಣ್ಣೆಕಲ್ಲಿನಿಂದ ತೀಡಿದ ಹೈಸ್ಪೀಡ್ ಸ್ಟೀಲ್ ಅಷ್ಟೇ ತೆಳುವಾದ ಪದರವನ್ನು ಕೂದಲಿನಂತೆ ಎತ್ತಿ ತೆಗೆಯುತ್ತದೆ. ಆ ತುರಿ ಟೂಲ್‌ನ ಮೇಲೆ ಉರುಳಿಬರುವುದನ್ನು ನೋಡಿದ ದಿನ ನಿಮಗೆ ಬೇರೆ ಯಾರ ಮಾತೂ ಬೇಕಾಗುವುದಿಲ್ಲ.

ಮೈಲ್ಡ್ ಸ್ಟೀಲ್‌ಗೆ ನಾನು ಕೊಡುವ ಕೋನಗಳು: ಮುಂದೆ 10 ಡಿಗ್ರಿ ಕ್ಲಿಯರೆನ್ಸ್, ಪಕ್ಕದಲ್ಲಿ 10, ಮೇಲಿನ ಮುಖಕ್ಕೆ ಪಕ್ಕದ ಇಳಿಜಾರು 12ರಿಂದ 15. ಈ ಮೂರು ಮುಖ ಸಾಣೆ ಹಿಡಿದರೆ ಟೂಲ್ ಸಿದ್ಧ. ಕೊನೆಗೆ ಮೂಲೆಯನ್ನು ಎಣ್ಣೆಕಲ್ಲಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಗುಂಡಾಗಿಸಿ, ಚೂಪಾಗಿ ಬಿಟ್ಟರೆ ಸರಳಿನ ಮೇಲೆ ದಾರದ ಗೆರೆಗಳೇ ಬೀಳುತ್ತವೆ. ಹಿತ್ತಾಳೆಗೆ ಮೇಲಿನ ಮುಖಕ್ಕೆ ಇಳಿಜಾರೇ ಬೇಡ, ಚಪ್ಪಟೆಯಾಗಿ ಬಿಡಿ. ಇಳಿಜಾರು ಕೊಟ್ಟರೆ ಹಿತ್ತಾಳೆ ಟೂಲನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಇಳಿಜಾರು ಇನ್ನೂ ಹೆಚ್ಚಿರಲಿ, ಅಂಚಿಗೆ ಲೋಹ ಅಂಟದಿರಲು ಸ್ವಲ್ಪ ಸೀಮೆಎಣ್ಣೆ ಸವರಿ.

ಗ್ರೈಂಡರ್‌ನಲ್ಲಿ ಬಿಟ್ ನೀಲಿಯಾದರೆ ಹೆದರಬೇಡಿ. ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೂ ಗಡಸುತನ ಬಿಡುವುದಿಲ್ಲ. ನೀಲಿಯಾದರೆ ಹಾಳಾಗುವುದು ಹಳೆಯ ಕಾರ್ಬನ್ ಸ್ಟೀಲ್. ಬೆಸೆದ ಕಾರ್ಬೈಡ್ ವಿಷಯ ಬೇರೆ: ಅದಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ ಬೇಕು. ಬಿಸಿಯಾದದ್ದನ್ನು ನೀರಿಗೆ ಅದ್ದಿದರೆ ಸೀಳುತ್ತದೆ. ಅದರ ದೂಳಿನಲ್ಲಿ ಕೋಬಾಲ್ಟ್ ಇರುವುದರಿಂದ ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ.

ನಿವೃತ್ತ_ಟರ್ನರ್:

ಸಾಣೆಕಲ್ಲು ಅವರ ಮಾತಿಗೆ ಒಂದು ಹಳೆಯ ಕತೆ ಸೇರಿಸುತ್ತೇನೆ. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ರೂಪಿಸಿದ ಟೂಲ್‌ಗಳನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದಾಗ ನೋಡಿದವರು ಬೆರಗಾದರು. ಮೊನೆ ಕೆಂಪಗೆ ಕಾದಿದ್ದರೂ ಟೂಲ್ ಉಕ್ಕನ್ನು ಕಡಿಯುತ್ತಲೇ ಇತ್ತು, ನೀಲಿ ಸುರುಳಿಗಳು ಬೀಳುತ್ತಿದ್ದವು. "ಹೈಸ್ಪೀಡ್" ಎಂಬ ಹೆಸರು ಬಂದದ್ದು ಅಲ್ಲಿಂದ. ಇಂದು ಅದನ್ನೇ ನಿಧಾನದ ಟೂಲ್ ಎನ್ನುತ್ತೇವೆ. ನಿಮ್ಮ ಲೇತ್‌ನ ಶಕ್ತಿ ಆ ಕಾಲದ ಕಾರ್ಖಾನೆಯ ಲೇತ್‌ಗಿಂತ ಬಹಳ ಕಡಿಮೆ. ಅದಕ್ಕೆ ತಕ್ಕ ಟೂಲ್ ಇದು.

ವೇಗದ_ಕೈ:

ಇನ್ಸರ್ಟ್‌ಗಳನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಸರಿಯಾದುದನ್ನು ಆರಿಸಬೇಕು, ಅಷ್ಟೇ. ಹೆಸರಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಗೊಂದಲ ಮುಗಿಯುತ್ತದೆ. ಸಿಸಿಎಂಟಿ 060204 ತೆಗೆದುಕೊಳ್ಳಿ. ಮೊದಲ ಸಿ ಎಂದರೆ 80 ಡಿಗ್ರಿ ಮೂಲೆಯ ವಜ್ರಾಕೃತಿ. ಎರಡನೆಯ ಸಿ ಎಂದರೆ 7 ಡಿಗ್ರಿ ಕ್ಲಿಯರೆನ್ಸ್. ಎಂ ತಯಾರಿಕೆಯ ನಿಖರತೆಯ ದರ್ಜೆ. ಟಿ ಎಂದರೆ ನಡುವೆ ಸ್ಕ್ರೂ ತೂತು, ಮೇಲೆ ತುರಿ ಮುರಿಯುವ ತೋಡು. 06 ಅಂಚಿನ ಉದ್ದ, ಸುಮಾರು 6 ಮಿ.ಮೀ. 02 ದಪ್ಪ, ಅಂದರೆ 2.38 ಮಿ.ಮೀ. ಕೊನೆಯ 04 ಮೂಲೆಯ ತ್ರಿಜ್ಯ, 0.4 ಮಿ.ಮೀ.

ಎರಡನೆಯ ಅಕ್ಷರ ಎನ್ ಆಗಿದ್ದರೆ, ಉದಾಹರಣೆಗೆ ಟಿಎನ್‌ಎಂಜಿ, ಡಬ್ಲ್ಯುಎನ್‌ಎಂಜಿ, ಅದಕ್ಕೆ ಸ್ವಂತ ಕ್ಲಿಯರೆನ್ಸ್ ಇಲ್ಲ, ಹೋಲ್ಡರ್‌ನಲ್ಲಿ ಮುಂದಕ್ಕೆ ಬಗ್ಗಿಸಿ ಕೂರಿಸಿರುತ್ತಾರೆ. ಎರಡೂ ಬದಿ ಬಳಸಬಹುದೆಂದು ಅಗ್ಗವೆನಿಸುತ್ತದೆ. ಆದರೆ ಅದು ಬಯಸುವ ಬಲ ಸಣ್ಣ ಲೇತ್‌ನಲ್ಲಿಲ್ಲ. ಬೇಡ.

ಮೂರನೆಯ ಅಕ್ಷರ ಜಿ ಆಗಿರುವ ಸಿಸಿಜಿಟಿ ಅಂಚನ್ನು ಉಜ್ಜಿ ಹರಿತಗೊಳಿಸಿರುತ್ತಾರೆ. ಅಲ್ಯೂಮಿನಿಯಂಗೆಂದು ಮಾರುವ, ಕನ್ನಡಿಯಂತೆ ಹೊಳೆಯುವ ಇನ್ಸರ್ಟ್‌ಗಳು ಹೆಚ್ಚಾಗಿ ಇವೇ. ಸಣ್ಣ ಲೇತ್‌ನಲ್ಲಿ ಉಕ್ಕಿನ ತೆಳು ಕಡಿತಕ್ಕೂ ಇವು ಚೆನ್ನಾಗಿ ನಡೆಯುತ್ತವೆ. ಮೂಲೆಯ ತ್ರಿಜ್ಯ 0.2 ಅಥವಾ 0.4 ಇರಲಿ. 0.8 ತಂದು ಅದಕ್ಕಿಂತ ಕಡಿಮೆ ಆಳದ ಕಡಿತ ತೆಗೆದರೆ ಟೂಲ್ ಸರಳನ್ನು ಪಕ್ಕಕ್ಕೆ ತಳ್ಳುತ್ತದೆ, ಚಾಟರ್ (ಟೂಲ್‌ನ ಅದುರಾಟ) ಶುರುವಾಗುತ್ತದೆ.

ತ್ರಿಜ್ಯ ಚಿಕ್ಕದಾದರೆ ಮೇಲ್ಮೈ ಒರಟಾಗುತ್ತದೆ ಎಂಬ ಭಯಕ್ಕೂ ಲೆಕ್ಕವಿದೆ. ಫೀಡ್‌ನ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಗೆರೆಗಳ ಆಳ ಸಿಗುತ್ತದೆ. ಸುತ್ತಿಗೆ 0.1 ಮಿ.ಮೀ. ಫೀಡ್, 0.4 ತ್ರಿಜ್ಯ ಎಂದರೆ ಸುಮಾರು 3 ಮೈಕ್ರಾನ್. ಮನೆಯ ಕೆಲಸಕ್ಕೆ ಬೇಕಾದಷ್ಟಾಯಿತು.

ಸಾಣೆಕಲ್ಲು:

ಸಿಸಿಜಿಟಿ ಮಾತು ಒಪ್ಪುತ್ತೇನೆ. ಬೀಡು ಕಬ್ಬಿಣದ ಎರಕದ ಮೇಲಿನ ಗಟ್ಟಿ ಸಿಪ್ಪೆ ತೆಗೆಯಲು ನಾನೂ ಕಾರ್ಬೈಡ್ ಹಿಡಿಯುತ್ತೇನೆ, ಆ ಸಿಪ್ಪೆಯಲ್ಲಿನ ಮರಳಿಗೆ ಹೈಸ್ಪೀಡ್ ಸ್ಟೀಲ್ ಕ್ಷಣದಲ್ಲಿ ಮೊಂಡಾಗುತ್ತದೆ. ಹಾಗೆಯೇ ಸಾಣೆ ಹಿಡಿಯಲು ಧೈರ್ಯ ಸಾಲದವರಿಗೆ ನಡುವಿನ ದಾರಿಯೂ ಉಂಟು: ಟ್ಯಾಂಜೆನ್ಷಿಯಲ್ ಹೋಲ್ಡರ್. ಬಿಟ್ ಅದರಲ್ಲಿ ಅಡ್ಡ ಮಲಗದೆ ಬಹುತೇಕ ನೆಟ್ಟಗೆ ನಿಲ್ಲುತ್ತದೆ. ಕ್ಲಿಯರೆನ್ಸ್ ಹೋಲ್ಡರ್‌ನ ಓರೆಯಿಂದಲೇ ಬರುತ್ತದೆ. ಸಾಣೆ ಹಿಡಿಯಬೇಕಾದ್ದು ಮೇಲಿನ ಒಂದೇ ಮುಖ, ಅದಕ್ಕೂ ಚಿಕ್ಕ ಜಿಗ್ ಇರುತ್ತದೆ. ಎತ್ತರ ಬೇಕಾದರೆ ಬಿಟ್ಟನ್ನೇ ಮೇಲೆ ಕೆಳಗೆ ಸರಿಸಿದರಾಯಿತು, ಶಿಮ್ ಬೇಡ.

ಎಡಗೈ:

ಪಾರ್ಟಿಂಗ್ ಬಗ್ಗೆ ಇನ್ನೂ ಹೇಳಿ. ಎತ್ತರ ಸರಿಯಿದ್ದರೂ ನನ್ನ ಯಂತ್ರ ಕಿರುಚುತ್ತದೆ. ಚಕ್ಕನ್ನು ಹಿಂದಕ್ಕೆ ತಿರುಗಿಸಿ, ಬ್ಲೇಡನ್ನು ತಲೆಕೆಳಗಾಗಿ ಹಿಡಿದರೆ ಒಳ್ಳೆಯದೆಂದು ಕೇಳಿದ್ದೇನೆ.

ಮಾದರಿ_ಎಂಜಿನ್:

ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಿಂದ ಕೂರುವ ಮಾದರಿಯಾಗಿದ್ದರೆ ಹಾಗೆ ಮಾಡಲೇಬೇಡಿ. ಹಿಂದಕ್ಕೆ ತಿರುಗುವಾಗ ಟೂಲ್ ಕಚ್ಚಿದರೆ ಚಕ್ ತನ್ನಷ್ಟಕ್ಕೆ ಬಿಚ್ಚಿ ಹೊರಗೆ ಬರುತ್ತದೆ.

ಅದೇ ಲಾಭವನ್ನು ಸುರಕ್ಷಿತವಾಗಿ ಪಡೆಯುವ ದಾರಿ ಹಿಂಬದಿಯ ಟೂಲ್‌ಪೋಸ್ಟ್. ಕ್ರಾಸ್ ಸ್ಲೈಡ್‌ನ (ಟೂಲನ್ನು ಸರಳಿಗೆ ಅಡ್ಡವಾಗಿ ಸರಿಸುವ ಭಾಗ) ಆಚೆ ಬದಿಯಲ್ಲಿ ಗಟ್ಟಿ ಲೋಹದ ಕಂಬ ನಿಲ್ಲಿಸಿ, ಬ್ಲೇಡನ್ನು ತಲೆಕೆಳಗಾಗಿ ಕೂರಿಸಿ, ಚಕ್ಕನ್ನು ಎಂದಿನಂತೆ ಮುಂದಕ್ಕೇ ತಿರುಗಿಸುವುದು. ನನ್ನ ಪುಟ್ಟ ಉಗಿ ಎಂಜಿನ್‌ಗಳ ಪಿಸ್ಟನ್ ಉಂಗುರಗಳನ್ನೆಲ್ಲ ಹೀಗೆಯೇ ಕಡಿಯುತ್ತೇನೆ. ಮುಂಬದಿಯಲ್ಲಿ ಕಡಿತದ ಬಲ ಟೂಲನ್ನು ಕೆಳಕ್ಕೆ ಒತ್ತುತ್ತದೆ. ಸ್ಲೈಡ್ ಸ್ವಲ್ಪ ಬಾಗಿದರೆ ಮೊನೆ ಇಳಿಯುವ ಜೊತೆಗೆ ಮುಂದಕ್ಕೂ ವಾಲುತ್ತದೆ, ಅಂದರೆ ಇನ್ನೂ ಆಳಕ್ಕೆ ಕಚ್ಚುತ್ತದೆ. ಹಿಂಬದಿಯಲ್ಲಿ ಬಲ ಮೇಲ್ಮುಖ. ಬಾಗಿದರೆ ಮೊನೆ ಸರಳಿನಿಂದ ದೂರ ಸರಿಯುತ್ತದೆ. ಸ್ಪಿಂಡಲ್ ಕೂಡ ಬೇರಿಂಗ್‌ನ ಕೆಳಭಾಗಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ತುರಿ ತೋಡಿನಲ್ಲಿ ಸಿಕ್ಕಿಕೊಳ್ಳದೆ ತಾನಾಗಿ ಕೆಳಗೆ ಬೀಳುತ್ತದೆ.

ಅಷ್ಟೆಲ್ಲ ಮಾಡುವ ಮೊದಲು ಕಾಂಪೌಂಡ್ ಮತ್ತು ಕ್ರಾಸ್ ಸ್ಲೈಡ್‌ನ ಗಿಬ್ ಪಟ್ಟಿಗಳನ್ನು (ಸ್ಲೈಡ್‌ನ ಸಡಿಲ ತೆಗೆಯುವ ಪಟ್ಟಿಗಳು) ನೋಡಿ. ಟೂಲ್‌ಪೋಸ್ಟನ್ನು ಕೈಯಿಂದ ಹಿಡಿದು ಅಲ್ಲಾಡಿಸಿದಾಗ ಡಯಲ್ ಗೇಜ್‌ನ ಮುಳ್ಳು ಕುಣಿಯುತ್ತಿದ್ದರೆ ಯಾವ ಟೂಲ್ ಹಾಕಿದರೂ ಕಿರುಚುತ್ತದೆ. ಕಾಂಪೌಂಡ್ ಬಳಸದ ದಿನಗಳಲ್ಲಿ ನಾನು ಅದನ್ನು ಪೂರ್ತಿ ತೆಗೆದು, ಅದರ ಜಾಗದಲ್ಲಿ ಬೀಡು ಕಬ್ಬಿಣದ ಗಟ್ಟಿಯೊಂದನ್ನು ಬೋಲ್ಟ್ ಮಾಡಿ, ಅದರ ಮೇಲೆ ಟೂಲ್‌ಪೋಸ್ಟ್ ಇಡುತ್ತೇನೆ. ಯಾವ ಹೊಸ ಟೂಲ್‌ಪೋಸ್ಟ್‌ಗಿಂತಲೂ ಹೆಚ್ಚು ಬದಲಾವಣೆ ತಂದದ್ದು ಆ ಗಟ್ಟಿ.

ನಿವೃತ್ತ_ಟರ್ನರ್:

ಪಾರ್ಟಿಂಗ್‌ಗೆ ನನ್ನ ಕ್ರಮ: ಚಕ್‌ಗೆ ಆದಷ್ಟು ಹತ್ತಿರ ಕಡಿಯಿರಿ. ಬ್ಲೇಡ್ ಸರಳಿನ ತ್ರಿಜ್ಯಕ್ಕಿಂತ ತುಸು ಹೆಚ್ಚು ಮಾತ್ರ ಚಾಚಿರಲಿ. ಬ್ಲೇಡ್ ಸರಳಿಗೆ ಲಂಬವಾಗಿದೆಯೇ ಎಂದು ಚಕ್‌ನ ಮುಖಕ್ಕೆ ಹೊಂದಿಸಿ ನೋಡಿ. ಸ್ಯಾಡಲನ್ನು (ಬೆಡ್ ಮೇಲೆ ಉದ್ದಕ್ಕೂ ಸರಿಯುವ ಭಾಗ) ಬೆಡ್‌ಗೆ ಬಿಗಿಯಿರಿ. ವೇಗ ಟರ್ನಿಂಗ್‌ನ ಅರ್ಧ. ಉಕ್ಕಿಗೆ ಎಣ್ಣೆ ನಿಲ್ಲಿಸಬೇಡಿ. ಕೈ ಹೆದರಿ ಫೀಡ್ ನಿಲ್ಲಿಸಿದರೆ ಬ್ಲೇಡ್ ಉಜ್ಜತೊಡಗುತ್ತದೆ, ಕಿರುಚುವುದು ಆಗಲೇ. ತುರಿ ಎಡೆಬಿಡದೆ ಬರುವಷ್ಟು ಒತ್ತಡ ಸಮನಾಗಿರಲಿ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ತುರಿಯ ಸುರುಳಿ ಎಷ್ಟೇ ಉದ್ದವಾಗಲಿ, ಯಂತ್ರ ತಿರುಗುತ್ತಿರುವಾಗ ಅದನ್ನು ಕೈಯಿಂದ ಎಳೆಯಬೇಡಿ. ಯಂತ್ರ ನಿಲ್ಲಿಸಿ, ಕೊಕ್ಕೆಯಿಂದ ತೆಗೆಯಿರಿ. ಲೇತ್ ಮುಂದೆ ಕೈಗವಸು ಬೇಡ, ಸಡಿಲ ತೋಳಿನ ಅಂಗಿ ಬೇಡ. ಕೈಗವಸಿನ ಒಂದು ಎಳೆಯನ್ನು ಚಕ್ ಹಿಡಿದು ಬೆರಳನ್ನು ಒಳಗೆ ಸೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಕ್ ಕೀಯಿಂದ ಕೈ ತೆಗೆಯುವಾಗ ಕೀ ಕೈಯಲ್ಲೇ ಇರಬೇಕು, ಚಕ್‌ನಲ್ಲಿ ಅಲ್ಲ.

ಹೊಸ_ಲೇತ್:

ಎರಡು ವಾರದ ನಂತರ ಬರೆಯುತ್ತಿದ್ದೇನೆ.

ಗಿಬ್ ಪಟ್ಟಿ ಬಿಗಿದೆ. ಕಾಂಪೌಂಡ್‌ನದು ನಿಜಕ್ಕೂ ಸಡಿಲವಾಗಿತ್ತು. 10 ಮಿ.ಮೀ. ಬಿಟ್ ತಂದು ಸಾಣೆಕಲ್ಲು ಅವರ ಕೋನಗಳಲ್ಲಿ ಸಾಣೆ ಹಿಡಿದೆ. ಮೊದಲನೆಯದು ಕೆಟ್ಟಿತು, ಎರಡನೆಯದು ಪರವಾಗಿಲ್ಲ ಎನಿಸಿತು, ಮೂರನೆಯದನ್ನು ಎಣ್ಣೆಕಲ್ಲಿನಲ್ಲಿ ತೀಡಿ 25 ಮಿ.ಮೀ. ಸರಳಿನ ಮೇಲೆ 360 ಸುತ್ತಿಗೆ ಹಾಕಿದೆ. ಮೇಲ್ಮೈಯಲ್ಲಿ ಕಿಟಕಿಯ ಬೆಳಕು ಕಾಣಿಸಿತು. ಅದೇ ಯಂತ್ರ, ಅದೇ ಟೂಲ್‌ಪೋಸ್ಟ್.

ಪಾರ್ಟಿಂಗ್ ಹೋಲ್ಡರ್‌ನ ತಳ ಮಿಲ್ಲಿಂಗ್ ಮಾಡಿಸಿ 2 ಮಿ.ಮೀ. ತೆಗೆಸಿದೆ. ಸ್ಯಾಡಲ್ ಬಿಗಿದು, 200 ಸುತ್ತಿಗೆ, ಎಣ್ಣೆ ಬಿಡುತ್ತಾ 20 ಮಿ.ಮೀ. ಸರಳನ್ನು ಕಡಿದೆ. ಕಿರುಚಲಿಲ್ಲ. ತುಂಡು ತಟ್ಟೆಗೆ ಬಿದ್ದ ಸದ್ದು ಕೇಳಿ ಒಂದು ನಿಮಿಷ ಸುಮ್ಮನೆ ನಿಂತಿದ್ದೆ.

ಇಷ್ಟಾದ ಮೇಲೂ ಕ್ವಿಕ್ ಚೇಂಜ್ ಕೊಳ್ಳಲು ನಿರ್ಧರಿಸಿದ್ದೇನೆ, ಆದರೆ ಬೇರೆ ಕಾರಣಕ್ಕೆ. ನನ್ನ ಒಂದೊಂದು ಬಿಡಿಭಾಗಕ್ಕೂ ಟರ್ನಿಂಗ್, ಫೇಸಿಂಗ್, ಬೋರಿಂಗ್, ಥ್ರೆಡ್, ಪಾರ್ಟಿಂಗ್ ಎಂದು ಐದು ಟೂಲ್ ಬದಲಾಗುತ್ತವೆ. ಪಿಸ್ಟನ್ ಮಾದರಿ, ಚಿಕ್ಕ ಅಳತೆ, ಆರು ಹೋಲ್ಡರ್. ತಳದ ದಪ್ಪ 7 ಮಿ.ಮೀ. ಎಂದು ಕೇಳಿ ಖಚಿತಪಡಿಸಿಕೊಂಡೆ. ಪಾರ್ಟಿಂಗ್‌ಗೆ ಮಾತ್ರ ಹಳೆಯ ಚೌಕ ಟೂಲ್‌ಪೋಸ್ಟನ್ನೇ ಇಟ್ಟುಕೊಳ್ಳುತ್ತೇನೆ.

ಬೋರಿಂಗ್ ಬಾರ್ (ತೂತಿನ ಒಳಭಾಗ ಕಡಿಯುವ ಟೂಲ್) ಒಂದು ಬಾಕಿ ಇದೆ. 8 ಮಿ.ಮೀ. ಬಾರ್‌ನಿಂದ 50 ಮಿ.ಮೀ. ಆಳದ ತೂತು ಬೋರ್ ಮಾಡಬಹುದೇ?

ಮಾದರಿ_ಎಂಜಿನ್:

ಉಕ್ಕಿನ ಬಾರ್ ತನ್ನ ವ್ಯಾಸದ ನಾಲ್ಕು ಪಟ್ಟು ಚಾಚುವವರೆಗೆ ನೆಮ್ಮದಿಯಾಗಿರುತ್ತದೆ. 8 ಮಿ.ಮೀ.ಗೆ 32. 50ಕ್ಕೆ 12.5 ಅಥವಾ ಅದಕ್ಕಿಂತ ದಪ್ಪದ ಬಾರ್ ಬೇಕು. ತೂತು ಚಿಕ್ಕದಾಗಿದ್ದು ದಪ್ಪ ಬಾರ್ ಹೋಗದಿದ್ದರೆ ಕಾರ್ಬೈಡ್ ದಂಡದ ಬಾರ್ ನೋಡಿ, ಅದು ಸುಮಾರು ಆರು ಪಟ್ಟಿನವರೆಗೆ ತಡೆಯುತ್ತದೆ. ತೂತಿನೊಳಗೆ ಎತ್ತರದ ನಿಯಮ ತಿರುಗುಮುರುಗಾಗುತ್ತದೆ, ಅಲ್ಲಿ ಟೂಲ್ ತಗ್ಗಾದರೆ ಹೊಟ್ಟೆ ಉಜ್ಜುತ್ತದೆ. ಬಾರ್ ಬಾಗುವುದು ಕೆಳಕ್ಕೇ ಆದ್ದರಿಂದ ಸೆಂಟರ್‌ಗಿಂತ ಕೂದಲೆಳೆಯಷ್ಟು ಮೇಲೆ ಇಡಿ.

ನಿವೃತ್ತ_ಟರ್ನರ್:

ಕಡಿದು ಬಿದ್ದ ಆ 20 ಮಿ.ಮೀ. ತುಂಡನ್ನು ಎಸೆದಿಲ್ಲವಷ್ಟೇ? ಉದ್ದ 19ಕ್ಕಿಂತ ಹೆಚ್ಚಿದ್ದರೆ ಎರಡೂ ಮುಖ ಫೇಸಿಂಗ್ ಮಾಡಿ ಸರಿಯಾಗಿ 19 ಮಿ.ಮೀ.ಗೆ ತನ್ನಿ. ಕಾಂಪೌಂಡ್‌ನ ಮೇಲೆ ನಿಲ್ಲಿಸಿದರೆ ಅದರ ಮೇಲ್ಮೈಯೇ ನಿಮ್ಮ ಸೆಂಟರ್ ಎತ್ತರ. ಹೊಸ ಹೋಲ್ಡರ್‌ಗಳು ಬಂದಾಗ ಆರನ್ನೂ ಅದರ ಪಕ್ಕದಲ್ಲಿಟ್ಟು ಹೊಂದಿಸಿ.

ಹೊಸ_ಲೇತ್:

ತುಂಡು 23 ಮಿ.ಮೀ. ಇದೆ. ಇವತ್ತೇ ಮಾಡುತ್ತೇನೆ.